ಮೊದಲ ಕಾದಂಬರಿಯನ್ನು ನೀವೇ ಪ್ರಕಟಿಸುವುದಾದರೆ

ಕಾದಂಬರಿ ಬರೆದು ಮುಗಿದಿದೆ. ಎರಡು ಮೂರು ಪ್ರಕಾಶಕರಿಗೆ ಕಳುಹಿಸಿದ್ದಾಗಿದೆ. ಒಬ್ಬರು ಈ ವರ್ಷದ ಪಟ್ಟಿ ಭರ್ತಿಯಾಗಿದೆ ಎಂದರು, ಉಳಿದವರಿಂದ ಸುದ್ದಿಯೇ ಇಲ್ಲ. ನಾವೇ ಅಚ್ಚು ಹಾಕಿಸಿದರಾಯಿತು ಎಂಬ ಯೋಚನೆ ಹುಟ್ಟುವುದು ಇಂಥ ಹೊತ್ತಿನಲ್ಲೇ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಕುವೆಂಪು ಅವರ ಎಷ್ಟೋ ಪುಸ್ತಕಗಳು ಹೊರಬಂದದ್ದು ಅವರ ಮನೆಯ ಹೆಸರನ್ನೇ ಹೊತ್ತ ಉದಯರವಿ ಪ್ರಕಾಶನದಿಂದ. ಈಗಂತೂ ಅಚ್ಚು ಹಾಕಿಸುವುದು ಇಡೀ ವ್ಯವಹಾರದಲ್ಲೇ ಸುಲಭದ ಭಾಗ. ಪುಸ್ತಕದ ಕಟ್ಟುಗಳು ಮನೆಗೆ ಬಂದ ಮೇಲೆ ಮಂಚದ ಕೆಳಗೆ ಸೇರಬಾರದು ಎಂದಿದ್ದರೆ, ಪ್ರತಿಗಳು ಯಾರ ಕೈಗೆ ಹೋಗುತ್ತವೆ ಎಂಬುದನ್ನು ಅಚ್ಚಿಗೆ ಕೊಡುವ ಮುಂಚೆಯೇ ಕೂತು ಲೆಕ್ಕ ಹಾಕಬೇಕು.

ಹಸ್ತಪ್ರತಿ

ಮೊದಲು ಮೂರು ನಾಲ್ಕು ಮಂದಿಗೆ ಓದಲು ಕೊಡಿ. ಅವರಲ್ಲಿ ಒಬ್ಬರಾದರೂ ನಿಮ್ಮ ಮುಲಾಜಿಗೆ ಒಳಗಾಗದವರಿರಲಿ. ಎಲ್ಲಿ ಬೇಸರವಾಗಿ ಪುಸ್ತಕ ಕೆಳಗಿಟ್ಟಿರಿ ಎಂದು ಅವರನ್ನು ಕೇಳಿ. ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂಬ ಉತ್ತರವಷ್ಟೇ ಸಿಗುತ್ತದೆ.

ಕಥೆಯ ತಿದ್ದುಪಡಿ ಮುಗಿದ ಮೇಲೆಯೇ ಕರಡು ತಿದ್ದುವವರ ಬಳಿಗೆ ಹೋಗಬೇಕು. ಜೊತೆಗೆ ಒಂದು ಹಾಳೆಯಲ್ಲಿ ಪಾತ್ರಗಳ ಹೆಸರು, ವಯಸ್ಸು, ಊರು, ಘಟನೆ ನಡೆದ ವರ್ಷ ಬರೆದುಕೊಡಿ. ಮೂರನೆಯ ಅಧ್ಯಾಯದ ಸರಸ್ವತಮ್ಮ ಹತ್ತೊಂಬತ್ತನೆಯದರಲ್ಲಿ ಸರಸಮ್ಮ ಆಗುವುದನ್ನು, ಬೇಸಿಗೆಯಲ್ಲಿ ಮದುವೆಯಾದವರಿಗೆ ಅದೇ ದೀಪಾವಳಿಗೆ ಮಗು ಹುಟ್ಟುವುದನ್ನು ಈ ಹಾಳೆ ತಪ್ಪಿಸುತ್ತದೆ. ಪಾತ್ರಗಳು ಯಾವುದಾದರೂ ಸೀಮೆಯ ಮಾತನ್ನಾಡುತ್ತಿದ್ದರೆ ಅದನ್ನೂ ಆ ಹಾಳೆಯಲ್ಲಿ ಬರೆಯಿರಿ. ಇಲ್ಲವಾದರೆ ಶ್ರದ್ಧಾವಂತ ಕರಡು ತಿದ್ದುಗರು ಧಾರವಾಡದ ಅಜ್ಜಿಯಿಂದ ಪಠ್ಯಪುಸ್ತಕದ ಕನ್ನಡ ಮಾತನಾಡಿಸಿಬಿಡುತ್ತಾರೆ.

ಮುನ್ನುಡಿಯ ಬಗ್ಗೆ ಒಂದು ಮಾತು. ಹಿರಿಯ ಸಾಹಿತಿಯೊಬ್ಬರ ಮುನ್ನುಡಿಗಾಗಿ ತಿಂಗಳುಗಟ್ಟಲೆ ಕಾಯುವುದು ನಮ್ಮಲ್ಲಿ ರೂಢಿ. ಕಾದಂಬರಿಗೆ ಅದು ಬೇಕೇ ಬೇಕು ಎಂದು ನನಗನ್ನಿಸುವುದಿಲ್ಲ. ಕಥೆಯ ಗುಟ್ಟನ್ನೆಲ್ಲ ಮೊದಲ ನಾಲ್ಕು ಪುಟದಲ್ಲೇ ಬಿಟ್ಟುಕೊಡುವ ಮುನ್ನುಡಿಗಿಂತ ಬೆನ್ನುಪುಟದ ನಾಲ್ಕು ಸಾಲು ಹೆಚ್ಚು ಓದುಗರನ್ನು ತರುತ್ತದೆ.

ಪುಟ ವಿನ್ಯಾಸ

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದರೆ, ಎಲ್ಲ ಸಾಧನಗಳಲ್ಲೂ ಓದಲು ಬರುವ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಅಚ್ಚಿನ ಪುಸ್ತಕ ಯಾವ ಫಾಂಟಿನಲ್ಲಾದರೂ ಆದೀತು. ಇ-ಪುಸ್ತಕಕ್ಕೆ ಯೂನಿಕೋಡ್ ಬೇಕೇ ಬೇಕು. ಬದಲಾಯಿಸಿದ ಮೇಲೆ ಮತ್ತೊಮ್ಮೆ ಇಡಿಯಾಗಿ ಓದಬೇಕು. ಅರ್ಕಾವತ್ತು ಇರುವ ಪದಗಳು, ‘ಸಾಫ್ಟ್‌ವೇರ್’ ಥರದ ಪದಗಳು ಈ ಹಂತದಲ್ಲಿ ಕೆಡುತ್ತವೆ. ‘ಟ್’ ಮತ್ತು ‘ವೇ’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿರುತ್ತದೆ. ಅದು ಬಿದ್ದುಹೋದರೆ ವಕಾರ ಒತ್ತಾಗಿ ಕೆಳಗೆ ಇಳಿದು ‘ಸಾಫ್ಟ್ವೇರ್’ ಆಗುತ್ತದೆ. ಪರದೆಯ ಮೇಲೆ ಇಂಥವು ಕಣ್ತಪ್ಪುತ್ತವೆ. ಕಾಗದದ ಮೇಲೆ ಮುದ್ರಿಸಿಕೊಂಡು ಓದಿ.

ಕಾದಂಬರಿಗೆ ಡೆಮಿ 1/8, ಅಂದರೆ ಅಂಗಡಿಯಲ್ಲಿ ಕಾಣುವ ಸಾಮಾನ್ಯ ಕಾದಂಬರಿಗಳ ಅಳತೆಯ ಆಕಾರ, ಹೇಳಿ ಮಾಡಿಸಿದ್ದು. ಮುದ್ರಣಾಲಯದವರು 16 ಪುಟಗಳ ಫಾರಂ ಲೆಕ್ಕದಲ್ಲಿ ಮಾತನಾಡುತ್ತಾರೆ: 208 ಪುಟವೆಂದರೆ 13 ಫಾರಂ. ನಿಮ್ಮ ಕಥೆ 210ನೆಯ ಪುಟದಲ್ಲಿ ಮುಗಿದರೆ ಆ ಎರಡು ಪುಟಕ್ಕಾಗಿ ಇನ್ನೊಂದು ಫಾರಂ ಕಾಗದಕ್ಕೆ ಹಣ ತೆರುವ ಬದಲು, ಸಾಲುಗಳ ಅಂತರವನ್ನು ಕೂದಲೆಳೆಯಷ್ಟು ತಗ್ಗಿಸಲು ವಿನ್ಯಾಸಕಾರರಿಗೆ ಹೇಳಿ. ಕೆಲಸ ಮುಗಿದಾಗ ಪಿಡಿಎಫ್ ಜೊತೆಗೆ ತಿದ್ದಲು ಬರುವ ಮೂಲ ಕಡತವನ್ನೂ ಕೇಳಿ ಪಡೆಯಿರಿ. ಈ ಮಾತನ್ನು ಕೆಲಸ ಒಪ್ಪಿಸುವಾಗಲೇ ಆಡಿ ಮುಗಿಸಬೇಕು.

ಹೆಸರು, ಸಂಖ್ಯೆ, ಹಕ್ಕು

ನಿಮ್ಮ ಪ್ರಕಾಶನಕ್ಕೆ ಒಂದು ಹೆಸರಿಡಿ. ಆ ಹೆಸರಿನಲ್ಲಿ ಈಗಾಗಲೇ ಯಾರಾದರೂ ಪುಸ್ತಕ ತರುತ್ತಿದ್ದಾರೆಯೇ ಎಂದು ವಿಚಾರಿಸಿ. ಐಎಸ್‌ಬಿಎನ್ (ಪ್ರತಿ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ. ಅರ್ಜಿ ಆನ್‌ಲೈನ್, ಶುಲ್ಕವಿಲ್ಲ, ಲೇಖಕರೇ ಪ್ರಕಾಶಕರಾಗಿಯೂ ಅರ್ಜಿ ಹಾಕಬಹುದು. ಇದಕ್ಕೆ ಸಾವಿರಗಟ್ಟಲೆ ಕೇಳುವವರಿದ್ದಾರೆ, ಕೊಡಬೇಡಿ. ಇ-ಪುಸ್ತಕಕ್ಕೆ ಬೇರೆಯೇ ಸಂಖ್ಯೆ ಬೇಕು.

ಕೃತಿಸ್ವಾಮ್ಯ ಬರೆದ ಕ್ಷಣದಿಂದಲೇ ನಿಮ್ಮದು. 1957ರ ಕಾಯಿದೆಯ ಪ್ರಕಾರ ಅದು ಲೇಖಕರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಇರುತ್ತದೆ. ನೋಂದಣಿ ಕಡ್ಡಾಯವಲ್ಲ. ಹಣ ಪಡೆದು ಪುಸ್ತಕ ಮಾಡಿಕೊಡುವ ಸಂಸ್ಥೆಗಳ ಜೊತೆ ವ್ಯವಹರಿಸುವುದಾದರೆ ಕರಾರಿನಲ್ಲಿ ಅನುವಾದ, ಆಡಿಯೊ, ಸಿನಿಮಾ ಹಕ್ಕು ಯಾರ ಬಳಿ ಉಳಿಯುತ್ತದೆ ಎಂಬುದನ್ನು ಮೊದಲು ಹುಡುಕಿ ಓದಿ. ಖರ್ಚೂ ನಿಮ್ಮದು, ಹಕ್ಕು ಮಾತ್ರ ಅವರದು ಎಂದಿದ್ದರೆ ಎದ್ದು ಬನ್ನಿ.

ಎಷ್ಟು ಪ್ರತಿ?

ಹೊಸಬರು ದಾರಿ ತಪ್ಪುವುದು ಇಲ್ಲೇ. ಪ್ಲೇಟ್ ಮಾಡಿಕೊಂಡು ಅಚ್ಚು ಹಾಕುವ ಆಫ್‌ಸೆಟ್ ಮುದ್ರಣದಲ್ಲಿ ಪ್ರತಿಗಳು ಹೆಚ್ಚಿದಷ್ಟೂ ಒಂದೊಂದರ ಬೆಲೆ ಇಳಿಯುತ್ತದೆ. ಆ ಆಸೆಗೆ ಬಿದ್ದು ಸಾವಿರ ಪ್ರತಿ ಹಾಕಿಸುತ್ತಾರೆ.

ಲೆಕ್ಕಕ್ಕೆಂದು ಕೆಲವು ಅಂಕಿ ಇಟ್ಟುಕೊಳ್ಳೋಣ. ನಿಮಗೆ ಸಿಕ್ಕಿದ ದರಪಟ್ಟಿಯ ಅಂಕಿಗಳನ್ನು ಇವುಗಳ ಜಾಗದಲ್ಲಿ ಹಾಕಿಕೊಳ್ಳಿ. ಕರಡು, ಪುಟ ವಿನ್ಯಾಸ, ಮುಖಪುಟಕ್ಕೆ 25,000 ರೂಪಾಯಿ. ಮುದ್ರಣ ಪ್ರತಿಗೆ 90ರಂತೆ 500 ಪ್ರತಿಗೆ 45,000. ಒಟ್ಟು 70,000. ಮುಖಬೆಲೆ 250 ಎಂದಿರಲಿ. ವಿತರಕರು ಅಥವಾ ಅಂಗಡಿಯವರು ನೂರಕ್ಕೆ 40 ರಿಯಾಯಿತಿ ಕೇಳಿದರೆ ನಿಮ್ಮ ಕೈಗೆ ಬರುವುದು 150. ಹಾಕಿದ ಹಣ ಹಿಂದಿರುಗಲು 467 ಪ್ರತಿ ಮಾರಾಟವಾಗಬೇಕು. ಈಗ ಗೌರವ ಪ್ರತಿಗಳನ್ನು ಕಳೆಯಿರಿ. ನೆಂಟರು, ಗುರುಗಳು, ಪತ್ರಿಕೆಗಳು, ವೇದಿಕೆಯ ಮೇಲಿದ್ದವರು ಎಲ್ಲ ಸೇರಿ 60 ಹೋದವು. ಉಳಿದ 440ರಲ್ಲಿ ಒಂದನ್ನೂ ಬಿಡದೆ ಮಾರಿದರೂ ಬರುವುದು 66,000. ಪೂರ್ತಿ ಖಾಲಿಯಾದ ಪುಸ್ತಕದಲ್ಲೂ 4,000 ನಷ್ಟ!

ಅದೇ ಪುಸ್ತಕವನ್ನು ಹತ್ತು ಪರ್ಸೆಂಟ್ ರಿಯಾಯಿತಿಯಲ್ಲಿ ನೀವೇ ಓದುಗರಿಗೆ ಮಾರಿದರೆ ಕೈಗೆ 225 ಬರುತ್ತದೆ, 312 ಪ್ರತಿಗೆ ಖರ್ಚು ತೀರುತ್ತದೆ. ಆದ್ದರಿಂದ ಅಚ್ಚಿಗೆ ಮುಂಚೆಯೇ ಮುಂಗಡ ಪ್ರತಿ ಕಾಯ್ದಿರಿಸಲು ಜನರನ್ನು ಕೇಳಿ. ಫೋನಿನಲ್ಲಿ ಖಂಡಿತ ತಗೊಳ್ಳುತ್ತೇನೆ ಎಂದವರನ್ನು ಎಣಿಸಬೇಡಿ, ಹಣ ಹಾಕಿದವರನ್ನಷ್ಟೇ ಎಣಿಸಿ. ಅವರು 150 ದಾಟಿದರೆ ಆಫ್‌ಸೆಟ್‌ನಲ್ಲಿ 500ಕ್ಕೆ ಹೋಗಬಹುದು. ಇಲ್ಲವಾದರೆ ಡಿಜಿಟಲ್ ಮುದ್ರಣದಲ್ಲಿ ನೂರು ನೂರೈವತ್ತು ಸಾಕು. ಆದರೆ ಪ್ರತಿಗೆ 140 ತಗುಲುವ ಡಿಜಿಟಲ್ ಪುಸ್ತಕವನ್ನು ಅಂಗಡಿಗೆ 150ಕ್ಕೆ ಕೊಟ್ಟು ಪ್ರಯೋಜನವಿಲ್ಲ. ಅದನ್ನು ನೇರ ಮಾರಾಟಕ್ಕೇ ಇಟ್ಟುಕೊಳ್ಳಿ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಮುದ್ರಣಾಲಯದ ಬಿಲ್ಲಿನಲ್ಲಿ ಮಾತ್ರ ಇರುತ್ತದೆ. ದರ ಕೇಳುವಾಗ ತೆರಿಗೆ ಸೇರಿಸಿಯೇ ಕೇಳಿ.

ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿದೆ. ವಯೋಮಿತಿ, ಕೊನೆಯ ದಿನಾಂಕಗಳಿಗಾಗಿ ಅದರ ಪ್ರಕಟಣೆಯ ಮೇಲೆ ಕಣ್ಣಿಡಿ. ಹಸ್ತಪ್ರತಿ ಕಳುಹಿಸುವುದಿದ್ದರೆ ಅಚ್ಚು ಹಾಕಿಸುವ ಆತುರ ಬೇಡ.

ಮಾರಾಟ

ಬಿಡುಗಡೆ ಸಮಾರಂಭಕ್ಕೆ ಸಭಾಂಗಣ, ಹಾರ, ಶಾಲು, ಉಪಾಹಾರ ಎಂದು ಹಣ ಸುರಿಯುವ ಮೊದಲು ಅಲ್ಲಿ ಎಷ್ಟು ಪ್ರತಿ ಮಾರಾಟವಾದೀತು ಎಂದು ಯೋಚಿಸಿ. ಕಾರ್ಯಕ್ರಮ ಮಾಡುವುದಾದರೆ ಬಾಗಿಲ ಬಳಿ ಮೇಜು ಹಾಕಿ, ಕ್ಯೂಆರ್ ಕೋಡ್ ಅಂಟಿಸಿ, ಚಿಲ್ಲರೆ ಇಟ್ಟುಕೊಂಡು ಒಬ್ಬರನ್ನು ಕೂರಿಸಿ. ಲೇಖಕರೇ ಅಲ್ಲಿ ಕೂತರೆ ಬಂದವರಿಗೆಲ್ಲ ಸಹಿ ಹಾಕಿ ಪುಕ್ಕಟೆ ಕೊಟ್ಟುಬಿಡುತ್ತಾರೆ.

ಅಂಗಡಿಗೆ ಕೊಡುವಾಗ ಎಷ್ಟು ಪ್ರತಿ, ಎಷ್ಟು ರಿಯಾಯಿತಿ, ಹಣ ಯಾವಾಗ ಎಂಬುದನ್ನು ಬರೆದ ಚೀಟಿಗೆ ಸಹಿ ಹಾಕಿಸಿಕೊಳ್ಳಿ. ಹತ್ತು ಅಂಗಡಿಗೆ ಐದೈದು ಕೊಟ್ಟು ಖಾಲಿಯಾದಂತೆ ತುಂಬುವುದು ಒಂದೇ ಕಡೆ ಐವತ್ತು ಸುರಿಯುವುದಕ್ಕಿಂತ ವಾಸಿ.

ಪುಸ್ತಕವನ್ನು ಅಂಚೆಯಲ್ಲಿ ಕಳುಹಿಸಲು 2025ರ ಮೇ 1ರಿಂದ ಜ್ಞಾನ ಪೋಸ್ಟ್ ಸೇವೆ ಇದೆ. ಅದು ಶುರುವಾದಾಗಿನ ದರ 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದ 208 ಪುಟಗಳ ಡೆಮಿ ಪುಸ್ತಕ ಸುಮಾರು 240 ಗ್ರಾಂ ತೂಗುತ್ತದೆ. ಲಕೋಟೆ ಸೇರಿದರೂ ಮಿತಿಯೊಳಗೇ ಇರುತ್ತದೆ. ದಪ್ಪ ಕಾಗದ ಆರಿಸಿದರೆ ಈ ಅನುಕೂಲ ಕೈತಪ್ಪಬಹುದು.

ಇ-ಪುಸ್ತಕದ ವಿಷಯದಲ್ಲಿ ಕನ್ನಡದವರಿಗೆ ಹಳೆಯ ನೋವೊಂದಿದೆ. ಕಿಂಡಲ್ 2016ರಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗೆ ಬಾಗಿಲು ತೆರೆದಾಗ ನಮ್ಮ ಭಾಷೆ ಹೊರಗುಳಿಯಿತು. ಕನ್ನಡದ ಇ-ಪುಸ್ತಕ, ಕೇಳುಪುಸ್ತಕಗಳಿಗೆ ಮೈಲ್ಯಾಂಗ್ ಎಂಬ ಆ್ಯಪ್ ಇದೆ. ಅಮೆರಿಕದಲ್ಲೋ ಕೊಲ್ಲಿ ದೇಶದಲ್ಲೋ ಇರುವ ಓದುಗರನ್ನು ಅಂಚೆ ವೆಚ್ಚವಿಲ್ಲದೆ ತಲುಪಲು ಇದು ದಾರಿ.

ಗ್ರಂಥಾಲಯ

ಸಾರ್ವಜನಿಕ ಗ್ರಂಥಾಲಯ ಇಲಾಖೆ ಸಗಟು ಖರೀದಿಗೆ ಆಯಾ ವರ್ಷದ ಮೊದಲ ಮುದ್ರಣದ ಪುಸ್ತಕಗಳನ್ನು ಕೇಳುತ್ತದೆ. ಆದ್ದರಿಂದ ಪುಸ್ತಕದ ವಿವರಗಳ ಪುಟದಲ್ಲಿ ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಬಳಸಿದ ಕಾಗದ, ಆಕಾರ, ಪುಟ, ಬೆಲೆ ಎಲ್ಲವೂ ತಪ್ಪಿಲ್ಲದೆ ಇರಲಿ. ಆಯ್ಕೆಯಾದರೂ ಬಿಲ್ಲಿನ ಹಣಕ್ಕೆ ಕಾಯಬೇಕಾಗುತ್ತದೆ, ಅದನ್ನು ನೆಚ್ಚಿ ಸಾಲ ಮಾಡಬೇಡಿ.

ಇದರ ಹೊರತಾಗಿ, 1954ರ ಕೇಂದ್ರ ಕಾಯಿದೆಯಂತೆ ಪ್ರಕಟಣೆಯಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳುಹಿಸುವುದು ಪ್ರಕಾಶಕರ ಹೊಣೆ. ಈಗ ಪ್ರಕಾಶಕರು ನೀವೇ. ಬಿಡುಗಡೆಯ ಮರುವಾರವೇ ಆ ನಾಲ್ಕು ಪ್ರತಿಗಳನ್ನು ಅಂಚೆಗೆ ಹಾಕಿ, ರಸೀದಿ ತೆಗೆದಿಟ್ಟುಕೊಳ್ಳಿ.