ಕೈಯಲ್ಲಿ ಬೋಲ್ಟ್ ತೂತು ಕೊರೆಯಲು ನಾನು ಬಿಟ್ ಆರಿಸಿಕೊಂಡ ಬಗೆ

ಬಂಡೆ ಹತ್ತುವವರು ಹಗ್ಗಕ್ಕೆ ಆಸರೆಯಾಗಿ ಕಲ್ಲಿನಲ್ಲಿ ಬೋಲ್ಟ್ ಕೂರಿಸುತ್ತಾರೆ. ಅದಕ್ಕೆಂದು ಬಿಟ್ (ಕಲ್ಲು ಕೊರೆಯುವ ಸಲಾಕೆ) ಇಟ್ಟು ಸುತ್ತಿಗೆಯಲ್ಲಿ ಹೊಡೆದು ಕೊರೆದ ನನ್ನ ಮೊದಲ ತೂತಿಗೆ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. 10 ಮಿ.ಮೀ. ಅಗಲ, 70 ಮಿ.ಮೀ. ಆಳ, ಅಷ್ಟೇ. ಅರ್ಧ ಆಳಕ್ಕೆ ಬರುವಷ್ಟರಲ್ಲಿ ಎಡಗೈ ಬೆರಳುಗಳು ಮರಗಟ್ಟಿದ್ದವು. ಈಗ ಅದೇ ಬಂಡೆಯಲ್ಲಿ ಅದೇ ಅಳತೆಯ ತೂತಿಗೆ ನಲವತ್ತು ನಿಮಿಷ ಸಾಕು. ತೋಳಿಗೆ ಹೊಸ ಬಲವೇನೂ ಬಂದಿಲ್ಲ. ಬದಲಾಗಿದ್ದು ಬಿಟ್, ಮತ್ತು ಅದನ್ನು ನೋಡಿಕೊಳ್ಳುವ ರೀತಿ.

ಬಂಡೆ ಇರುವುದು ರಾಮನಗರದ ಕಡೆ, ಒಬ್ಬರ ಸ್ವಂತ ಜಮೀನಿನಲ್ಲಿ. ಅವರನ್ನು ಕೇಳಿ, ಒಪ್ಪಿಸಿಯೇ ಕೆಲಸ ಶುರು ಮಾಡಿದೆವು. ರಾಮದೇವರ ಬೆಟ್ಟದ ರಣಹದ್ದು ಧಾಮದ ಕಡೆ ಸುತ್ತಿಗೆ ಎತ್ತುವ ಮಾತೇ ಇಲ್ಲ. ಇಲ್ಲಿಯ ಕಲ್ಲು ಕ್ಲೋಸ್‌ಪೇಟೆ ಗ್ರಾನೈಟ್. ಊರಿನ ಹಳೆಯ ಹೆಸರೇ ಕಲ್ಲಿಗೂ ಬಂದಿದೆ. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು, ಸುಲಭಕ್ಕೆ ಜಗ್ಗುವುದಿಲ್ಲ.

ಬ್ಯಾಟರಿ ಡ್ರಿಲ್ ಇದ್ದರೆ ಇದು ಒಂದೆರಡು ನಿಮಿಷದ ಕೆಲಸ, ನಿಜ. ಆದರೆ ಇಳಿಜಾರು ಬಂಡೆಯಲ್ಲಿ ಕೆಳಗಿನಿಂದ ಹತ್ತುತ್ತಾ ಬೋಲ್ಟ್ ಹಾಕುವಾಗ ಆ ಭಾರ ಸೊಂಟಕ್ಕೆ ಕಟ್ಟಿಕೊಳ್ಳುವುದು ನನಗೆ ಒಗ್ಗಲಿಲ್ಲ. ಇನ್ನೊಂದು, ತೂತಿಗೆ ಮುಕ್ಕಾಲು ಗಂಟೆ ಬೇಕು ಅಂದಾಗ ಬೋಲ್ಟ್ ಎಲ್ಲಿ ನಿಜವಾಗಿ ಬೇಕು ಅಂತ ಹತ್ತು ಸಲ ಯೋಚಿಸುತ್ತೇವೆ. ಅಮೆರಿಕದ ಯೊಸೆಮಿಟಿಯ ಬಂಡೆಗಳಲ್ಲಿ ಇಂದಿಗೂ ಕೈಯಲ್ಲೇ ಕೊರೆಯಬೇಕು, ಪವರ್ ಡ್ರಿಲ್ಲಿಗೆ ಅನುಮತಿ ಇಲ್ಲ. 1958ರ ನವೆಂಬರಿನಲ್ಲಿ ವಾರನ್ ಹಾರ್ಡಿಂಗ್ ಎಂಬ ಕ್ಲೈಂಬರ್ ಅಲ್ಲಿಯ ಎಲ್ ಕ್ಯಾಪಿಟನ್ ಬಂಡೆಯ ಕೊನೆಯ ಭಾಗದಲ್ಲಿ ರಾತ್ರಿಯಿಡೀ ನೇತಾಡುತ್ತಾ 28 ಬೋಲ್ಟ್ ತೂತು ಕೊರೆದರು. ಬೆರಳು ಸೋತಾಗಲೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ.

ಮೊದಲ ದಿನ ನನ್ನ ಹತ್ತಿರ ಇದ್ದದ್ದು ನಾಲ್ಕು ಅಂಚಿನ ಬಿಟ್. ತುದಿಯಲ್ಲಿ ಅಧಿಕ ಚಿಹ್ನೆಯ ಹಾಗೆ ಕಾರ್ಬೈಡ್ ಎಂಬ ತುಂಬಾ ಗಟ್ಟಿ ವಸ್ತು ಕೂರಿಸಿರುತ್ತಾರಲ್ಲ, ಅದು. ಬೆಲೆ ಜಾಸ್ತಿ, ಆದ್ದರಿಂದ ಒಳ್ಳೆಯದು ಅಂದುಕೊಂಡೆ. ಯಂತ್ರಕ್ಕೆ ಅದು ಒಳ್ಳೆಯದೇ. ತೂತು ದುಂಡಗೆ ಬರುತ್ತದೆ, ಕಾಂಕ್ರೀಟಿನ ಒಳಗಿನ ಕಂಬಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಯಂತ್ರ ನಿಮಿಷಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಪೆಟ್ಟು ಕೊಡುತ್ತದೆ. ನಾನು ಕೊಡುವುದು ಎಂಬತ್ತೋ ತೊಂಬತ್ತೋ. ಹಾಗಾಗಿ ನನ್ನ ಒಂದೊಂದು ಪೆಟ್ಟೂ ಕಲ್ಲಿನಿಂದ ಚಕ್ಕೆ ಎಬ್ಬಿಸಲೇಬೇಕು.

ಇದನ್ನು ನನಗೆ ಬಿಡಿಸಿ ಹೇಳಿದವರು ಆ ಜಮೀನಿನ ಪಕ್ಕದಲ್ಲಿ ಚಪ್ಪಡಿ ಒಡೆಯುತ್ತಿದ್ದ ಒಬ್ಬ ಹಿರಿಯರು. ಬಿಟ್ ಕೈಗೆ ತೆಗೆದುಕೊಂಡು ತುದಿಯನ್ನು ಹೆಬ್ಬೆರಳಲ್ಲಿ ಸವರಿದರು. "ಇದಕ್ಕೆ ಬಾಯಿ ಜಾಸ್ತಿ ಆಯ್ತು ಮಗಾ. ಪೆಟ್ಟು ಹಂಚ್ಕೊಂಡು ಹೋಯ್ತದೆ" ಅಂದರು. "ಹಂಗಾದ್ರೆ ಎಂಥದ್ದು ಬೇಕು ಯಜಮಾನ್ರೇ?" ಅಂತ ಕೇಳಿದೆ. ತಮ್ಮ ಉಳಿಯನ್ನು ತೋರಿಸಿದರು. ಒಂದೇ ಗೆರೆಯಂಥ ಬಾಯಿ, ಹರಿತ.

ಅಂದಿನಿಂದ ಎರಡು ಅಂಚಿನ ಬಿಟ್ ಮಾತ್ರ. ತುದಿ ಉಳಿಯ ಹಾಗೆ ಒಂದೇ ಗೆರೆಯಲ್ಲಿರಬೇಕು. ಪೆಟ್ಟೆಲ್ಲ ಆ ಗೆರೆಯ ಮೇಲೆ ಬೀಳುತ್ತದೆ, ಕಲ್ಲು ಪುಡಿಯಾಗುವ ಬದಲು ಸಣ್ಣ ಚಕ್ಕೆಯಾಗಿ ಏಳುತ್ತದೆ. ಇದಕ್ಕೊಂದು ಬೆಲೆಯೂ ಇದೆ. ಪ್ರತಿ ಪೆಟ್ಟಿಗೂ ಸಮನಾಗಿ ತಿರುಗಿಸದಿದ್ದರೆ ತೂತು ಮೂರು ಮೂಲೆಯಾಗುತ್ತದೆ. ನಾನು ಪೆಟ್ಟಿಗೊಂದು ಸಲ ಸುತ್ತಿನ ಎಂಟನೇ ಒಂದು ಭಾಗದಷ್ಟು ತಿರುಗಿಸುತ್ತೇನೆ. ಸುತ್ತಿಗೆ ಏಳುನೂರು ಗ್ರಾಂ ಒಳಗೆ. ಜೋರಾಗಿ ಹೊಡೆದರೆ ಬೇಗ ಮುಗಿಯುತ್ತದೆ ಅನ್ನಿಸುತ್ತದೆ, ಆದರೆ ಕೈ ಸೋಲುತ್ತದೆ, ಬಿಟ್ ಅಲುಗಿ ತೂತಿನ ಬಾಯಿ ಅಗಲವಾಗುತ್ತದೆ.

ಬಿಟ್ ಸಿಕ್ಕಿಸುವ ಹಿಡಿಕೆ ಎಸ್‌ಡಿಎಸ್ ಪ್ಲಸ್ ಬಿಟ್‌ಗೆ, ಅಂದರೆ ಕಾಂಕ್ರೀಟ್ ಕೊರೆಯುವ ಯಂತ್ರಗಳಲ್ಲಿ ಬಳಸುವ ಮಾಮೂಲಿ ಬಿಟ್‌ಗೆ, ಹೊಂದುವಂಥದ್ದು. ಹೊಸ ಬಿಟ್ ಎಲ್ಲಿ ಬೇಕಾದರೂ ಸಿಗಲಿ ಅನ್ನುವುದೇ ಕಾರಣ. ಬಿಟ್‌ನ ಹಿಂಬದಿ ಹಿಡಿಕೆಯ ಒಳಗೆ ಗಟ್ಟಿಯಾಗಿ ತಾಗಿ ಕೂರಬೇಕು. ಸಡಿಲ ಇದ್ದರೆ ಪೆಟ್ಟು ಅಲ್ಲೇ ಸತ್ತುಹೋಗುತ್ತದೆ.

ಉದ್ದದ ವಿಷಯಕ್ಕೆ ಬಂದರೆ, 10 ಮಿ.ಮೀ. ಬಿಟ್ 110, 160, 210 ಮಿ.ಮೀ. ಉದ್ದಗಳಲ್ಲಿ ಬರುತ್ತದೆ. 110ರದ್ದು ಒಳಗೆ ಹೋಗುವುದು 50 ಮಾತ್ರ. ಅದರಲ್ಲಿ ಶುರು ಮಾಡಿ, 160ರಲ್ಲಿ ಮುಗಿಸುತ್ತೇನೆ. ಗಿಡ್ಡ ಬಿಟ್ ಕಡಿಮೆ ಅಲುಗುತ್ತದೆ, ತೂತು ನೆಟ್ಟಗೆ ಹಿಡಿಯುತ್ತದೆ. ಇಲ್ಲೊಂದು ಸಣ್ಣ ವಿಷಯ ಗೊತ್ತಿರಬೇಕು. 10 ಅಂತ ಬರೆದ ಹೊಸ ಬಿಟ್ ಅಳೆದರೆ 10ಕ್ಕಿಂತ ಸ್ವಲ್ಪ ದಪ್ಪ ಇರುತ್ತದೆ, ಸವೆಯುತ್ತಾ ಸಣ್ಣದಾಗುತ್ತದೆ. ಎರಡನೇ ಬಿಟ್ ಮೊದಲನೆಯದಕ್ಕಿಂತ ದಪ್ಪ ಇದ್ದರೆ ತೂತಿನಲ್ಲಿ ಕಚ್ಚಿಕೊಂಡುಬಿಡುತ್ತದೆ. ಅದಕ್ಕೇ ವರ್ನಿಯರ್ ಇಟ್ಟುಕೊಂಡು ಅಳೆಯುತ್ತೇನೆ. ಗಿಡ್ಡದ್ದು 10.35 ಇದ್ದರೆ ಉದ್ದದ್ದು 10.25. ಈ ಕ್ರಮ ತಪ್ಪಿಸುವುದಿಲ್ಲ.

ಅಳೆಯುವ ಅಭ್ಯಾಸ ಬಂದದ್ದು ಒಂದು ಬೋಲ್ಟ್ ಹಾಳಾದ ಮೇಲೆ. ಸವೆದ ಬಿಟ್‌ನಲ್ಲಿ ಕೊರೆದ ತೂತು, ಬೋಲ್ಟ್ ಅರ್ಧಕ್ಕೆ ನಿಂತಿತು. ಹೊಡೆದೆ, ಬೋಲ್ಟಿನ ತಿರುಪಿನ ಎಳೆ ಚಪ್ಪಟೆಯಾಯಿತು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಗರಗಸದಲ್ಲಿ ಕಲ್ಲಿನ ಮಟ್ಟಕ್ಕೆ ಕತ್ತರಿಸಿ, ಎಪಾಕ್ಸಿ ಅಂಟಿನಲ್ಲಿ ಕಲ್ಲಿನ ಪುಡಿ ಕಲಸಿ ಮುಚ್ಚಿದೆ. ಒಂದು ಗೇಣಿಗೂ ಹೆಚ್ಚು ದೂರ ಬಿಟ್ಟು ಹೊಸ ತೂತು. ಆ ಗುರುತು ಈಗಲೂ ಕಾಣುತ್ತದೆ, ನೋಡಿದಾಗಲೆಲ್ಲ ನೋವಾಗುತ್ತದೆ. ಬಂಡೆಗೆ ಮಾಡಿದ ಗಾಯ ಅಲ್ವಾ? ಈಗ 10.15ಕ್ಕೆ ಇಳಿದ ಬಿಟ್ ಕೊರೆಯಲು ಒಯ್ಯುವುದಿಲ್ಲ.

12 ಮಿ.ಮೀ. ಯಾಕಲ್ಲ ಅಂತ ಗೆಳೆಯರು ಕೇಳುತ್ತಾರೆ. ಅಷ್ಟೇ ಆಳಕ್ಕೆ 12ರ ತೂತಿನಿಂದ 44 ಶೇಕಡಾ ಹೆಚ್ಚು ಕಲ್ಲು ತೆಗೆಯಬೇಕು. ಇಷ್ಟು ಗಟ್ಟಿ ಗ್ರಾನೈಟಿಗೆ ಕ್ಲೈಂಬಿಂಗ್‌ಗೆಂದೇ ಮಾಡಿದ, ಇಎನ್ 959 (ಬಂಡೆ ಬೋಲ್ಟ್‌ಗಳ ಯುರೋಪಿಯನ್ ಮಾನದಂಡ) ಗುರುತಿರುವ 10ರ ಸ್ಟೇನ್‌ಲೆಸ್ ಬೋಲ್ಟ್ ಸಾಕು ಅನ್ನುವುದು ನನ್ನ ತೀರ್ಮಾನ. ಮರಳುಗಲ್ಲಾದರೆ ಈ ಮಾತು ನಿಲ್ಲುವುದಿಲ್ಲ. ಅಲ್ಲಿ ದಪ್ಪ, ಉದ್ದ ಬೋಲ್ಟ್ ಬೇಕು. ಕಲ್ಲು ಬೇಗ ಇಳಿದರೂ ಮರಳು ಬಿಟ್‌ನ ಪಕ್ಕಗಳನ್ನು ತೇಯ್ದುಹಾಕುತ್ತದೆ.

ಇನ್ನು ಸಾಣೆ. ಅಂಚಿನ ಮೇಲೆ ಬೆಳಕು ಬಿದ್ದಾಗ ತೆಳು ಬಿಳಿ ಗೆರೆ ಹೊಳೆದರೆ ಅದು ಮೊಂಡಾಗಿದೆ ಅಂತ ಅರ್ಥ. ಮಾಮೂಲಿ ಬೂದು ಬಣ್ಣದ ಸಾಣೆಕಲ್ಲು ಕಾರ್ಬೈಡನ್ನು ಸರಿಯಾಗಿ ತೇಯುವುದಿಲ್ಲ. ಹಸಿರು ಸಿಲಿಕಾನ್ ಕಾರ್ಬೈಡ್ ಕಲ್ಲು ಅಥವಾ ಡೈಮಂಡ್ ಚಕ್ರ ಬೇಕು. ಸುಮ್ನೆ ಮುಟ್ಟಿಸಿ ತೆಗೆಯಬೇಕು, ಮೊದಲಿದ್ದ ಕೋನ ಉಳಿಸಿಕೊಳ್ಳಬೇಕು. ಪಕ್ಕಗಳನ್ನು ಮುಟ್ಟಲೇಬಾರದು, ಅಳತೆ ಇಳಿದುಬಿಡುತ್ತದೆ. ಬಿಸಿಯಾಯಿತು ಅಂತ ನೀರಿಗೆ ಅದ್ದಿದರೆ ಕಾರ್ಬೈಡ್ ಸೀಳುತ್ತದೆ. ಹಾಗೆ ಅದ್ದಿದ ಒಂದು ಬಿಟ್‌ನ ತುದಿ ತೂತಿನ ತಳದಲ್ಲೇ ಮುರಿದು ಕೂತಿತು. ಕಾರ್ಬೈಡನ್ನು ಕಾರ್ಬೈಡಿನಲ್ಲಿ ಕೊರೆಯಲು ಆಗುವುದಿಲ್ಲ, ಆ ತೂತನ್ನೂ ಮುಚ್ಚಬೇಕಾಯಿತು.

ದೂಳಿನ ಬಗ್ಗೆ ಒಂದು ಮಾತು. ಹತ್ತಿಪ್ಪತ್ತು ಪೆಟ್ಟಿಗೊಮ್ಮೆ ರಬ್ಬರ್ ಕೊಳವೆಯಲ್ಲಿ ಊದಿ ತೆಗೆಯಿರಿ. ಪುಡಿ ತುಂಬಿದರೆ ಟಿಣ್ ಅನ್ನುವ ಸದ್ದು ಮೆತ್ತಗಾಗುತ್ತದೆ, ಬಿಟ್ ಮೆತ್ತೆಯ ಮೇಲೆ ಕುಣಿದ ಹಾಗೆ. ಕನ್ನಡಕ, ಮಾಸ್ಕ್ ಬೇಕೇ ಬೇಕು. ಗ್ರಾನೈಟಿನ ದೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆ ಅಂತ ಕಲ್ಲು ಕೆಲಸದವರ ಮನೆಗಳಿಗೆ ಗೊತ್ತು. ಆ ಯಜಮಾನರಿಗೂ ಒಂದು ಡಬ್ಬಿ ಮಾಸ್ಕ್ ಕೊಟ್ಟು ಬಂದಿದ್ದೇನೆ.

ಆ ಬಂಡೆಯಲ್ಲಿ ಮೇಲಿನ ಎರಡು ಬೋಲ್ಟ್ ಇನ್ನೂ ಬಾಕಿ. ಸಾಣೆ ಹಿಡಿದ ನಾಲ್ಕು ಬಿಟ್‌ಗಳನ್ನು ಹಳೆಯ ಸೈಕಲ್ ಟ್ಯೂಬಿನಲ್ಲಿ ಸುತ್ತಿಟ್ಟಿದ್ದೇನೆ. ಒಂದೊಂದರ ಮೇಲೂ ಅದರ ಅಳತೆ ಬರೆದಿದೆ.