ಟೇಪ್ ಇಲ್ಲದೆ ಮಿನಿಯ ಕಿಟಕಿ ರಬ್ಬರ್: ನನ್ನ ಅನುಭವ

ಮಾಡೆಲ್ ಕಾರಿನ ಕಿಟಕಿ ರಬ್ಬರಿಗೆ ಟೇಪ್ ಅಂಟಿಸದೆ ಕಪ್ಪು ಬಣ್ಣ ಹಚ್ಚಿ, ಅಂಚು ದಾಟಿದ್ದನ್ನು ಆಮೇಲೆ ಒರೆಸುತ್ತೇನೆ ಅಂದಾಗ ನಮ್ಮ ಮಾಡೆಲ್ ಮಾಡುವವರ ಗುಂಪಿನಲ್ಲಿ ಮೂರು ಜನ ನಕ್ಕಿದ್ದರು. "ಕ್ಲಿಯರ್ ಕೋಟ್ ಎದ್ದು ಬರುತ್ತೆ ನೋಡು" ಅಂತ ಒಬ್ಬರು (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ ಅದು). "ಬಾಡಿ ಮೇಲೆಲ್ಲ ಕಪ್ಪು ಮಸಿ ಉಳಿಯುತ್ತೆ" ಅಂತ ಇನ್ನೊಬ್ಬರು. ಈಗ ಕಾರು ಮುಗಿದು ಕಪಾಟಿನಲ್ಲಿದೆ. ಕ್ಲಿಯರ್ ಕೋಟ್ ಎದ್ದಿಲ್ಲ, ಮಸಿಯೂ ಇಲ್ಲ. ಒಂದು ಮೂಲೆ ಬಿಟ್ಟು. ಅದರ ಕಥೆ ಆಮೇಲೆ ಹೇಳ್ತೀನಿ.

ಕಿಟ್ (ಜೋಡಿಸಿ ಬಣ್ಣ ಹಚ್ಚುವ ಪ್ಲಾಸ್ಟಿಕ್ ಭಾಗಗಳ ಪೆಟ್ಟಿಗೆ) ತಮಿಯಾ ಕಂಪನಿಯದು, ನಿಜವಾದ ಕಾರಿನ 24ನೇ ಒಂದು ಪಾಲಿನ (1/24) ಮಿನಿ ಕೂಪರ್ 1275 ಎಸ್, ರ‍್ಯಾಲಿ ಕಾರು. ನಾನು ಮಾಡಿದ್ದು 1967ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ರೌನೊ ಆಲ್ಟೊನೆನ್ ಗೆದ್ದ ಕಾರು. ಕೆಂಪು ಮೈ, ಬಿಳಿ ಚಾವಣಿ, ಬಾಗಿಲ ಮೇಲೆ 177. ಬಾಡಿಗೆ ಬಣ್ಣ ಹೊಡೆಯೋದು ಅಂಥ ಕಷ್ಟವೇನಲ್ಲ. ಮಿನಿಯಲ್ಲಿ ಪ್ರಾಣ ತಿನ್ನೋದು ಗಾಜಿನ ಸುತ್ತಲಿನ ರಬ್ಬರ್. ಮಾಡೆಲ್‌ನಲ್ಲಿ ಅದು ಬಾಡಿ ಪ್ಲಾಸ್ಟಿಕ್ಕಿನದೇ ಅಂಚು, ಕಪ್ಪು ನಾವೇ ಬಳಿಯಬೇಕು. ಅಗಲ ಒಂದು ಮಿಲಿಮೀಟರ್ ಇದ್ದರೆ ಹೆಚ್ಚು, ಮೂಲೆಗಳೆಲ್ಲ ದುಂಡಗೆ, ನಡುವೆ ಕೂದಲೆಳೆಯಷ್ಟು ಕ್ರೋಮ್ ಪಟ್ಟಿ ಬೇರೆ. ಕೈ ಒಂದು ಮಿಲಿಮೀಟರ್ ಜಾರಿದರೆ, ನಿಜವಾದ ಕಾರಿನಲ್ಲಿ ಹತ್ತಿರ ಹತ್ತಿರ ಒಂದಂಗುಲ ಕಪ್ಪು ಮೆತ್ತಿದ ಹಾಗೆ.

ಮೊದಲನೇ ಸಲ ಎಲ್ಲರಂತೆ ಟೇಪ್ ಹಾಕಿದೆ. ಒಂದು ಭಾನುವಾರ ಪೂರ್ತಿ ಕೂತು ಅಂಟಿಸಿದ್ದೆ. ಕಿತ್ತಾಗ ನಾಲ್ಕು ಮೂಲೆಯಲ್ಲೂ ಬಣ್ಣ ಒಳಗೆ ನುಗ್ಗಿತ್ತು. ಎರಡನೇ ಸಲ ಅಕ್ರಿಲಿಕ್ ಕಪ್ಪನ್ನು ಬರಿಗೈಯಲ್ಲಿ ಎಳೆದೆ. ತಪ್ಪಿದ್ದನ್ನು ಒರೆಸೋಕೆ ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಅನ್ನೋ ಪ್ರಬಲ ದ್ರಾವಕ ಮುಟ್ಟಿಸಿದೆ. ಬುದ್ಧಿ ಎಲ್ಲಿತ್ತೋ ಗೊತ್ತಿಲ್ಲ. ಕಪ್ಪು, ಕ್ಲಿಯರ್, ಕೆಂಪು, ಪ್ರೈಮರ್ ಎಲ್ಲ ಒಟ್ಟಿಗೆ ಎದ್ದು, ಕೆಳಗಿನ ಪ್ಲಾಸ್ಟಿಕ್ಕೂ ಬೆಲ್ಲದ ಪಾಕದಂತೆ ಜಿಗುಟಾಯಿತು. ಹೊಸ ಬಾಡಿಗೋಸ್ಕರ ಇನ್ನೊಂದು ಕಿಟ್ಟೇ ತರಿಸಬೇಕಾಯಿತು. ಕಸ್ಟಮ್ಸ್ ಸೇರಿ ಮೂರು ಸಾವಿರದ ಮೇಲೆ. ಸ್ಪ್ರೇ ಕ್ಯಾನ್ ಎರಡು ಮೂರು, ಒಂದೊಂದು ಏಳೆಂಟು ನೂರು. ಒಟ್ಟು ಐದೂವರೆ ಸಾವಿರ ನೀರಿಗೆ ಹೋಯಿತು. ಮನೆಯಲ್ಲಿ ಎರಡೂವರೆ ಅಂತ ಹೇಳಿದ್ದೇನೆ.

ಮೂರನೇ ಸಲ ಲೆಕ್ಕ ತಿರುಗಿಸಿದೆ. ಜಾರಬಾರದು ಅಂತ ಒದ್ದಾಡೋದು ಯಾಕೆ? ಜಾರಲಿ, ಆಮೇಲೆ ಒರೆಸೋಣ. ಬಾಡಿಗೆ ಲ್ಯಾಕರ್ (ಪ್ರಬಲ ಥಿನ್ನರಿಗೆ ಮಾತ್ರ ಕರಗುವ ಬಣ್ಣ), ಅದರ ಮೇಲೆ ಲ್ಯಾಕರ್ ಕ್ಲಿಯರ್. ರಬ್ಬರಿಗೆ ಮಾತ್ರ ಎನಾಮೆಲ್ ಅನ್ನೋ ಇನ್ನೊಂದು ಬಗೆಯ ಬಣ್ಣ, ಅರೆಹೊಳಪಿನ ಕಪ್ಪು. ಎನಾಮೆಲ್ಲನ್ನು ಕರಗಿಸುವ ಲೈಟರ್ ಫ್ಲೂಯಿಡ್ (ಸಿಗರೇಟ್ ಲೈಟರಿಗೆ ತುಂಬುವ ದ್ರವ) ಒಣಗಿದ ಲ್ಯಾಕರನ್ನು ಏನೂ ಮಾಡಲ್ಲ. ಪ್ಯಾನೆಲ್ ಲೈನಿಗೆ (ಬಾಡಿಯ ಜೋಡಣೆ ಗೆರೆಗಳಿಗೆ) ವಾಶ್, ಅಂದರೆ ತೆಳುವಾಗಿಸಿದ ಗಾಢ ಬಣ್ಣ, ಹಾಕುವಾಗ ಎಲ್ಲರೂ ಮಾಡೋದು ಇದನ್ನೇ ಅಲ್ವಾ? ರಬ್ಬರಿಗೂ ಯಾಕೆ ಆಗಬಾರದು?

ಆದರೆ ಲ್ಯಾಕರ್ ನಿಜವಾಗಿ ಒಣಗಿರಬೇಕು. ನಾನು ಹತ್ತು ದಿನ ಮುಟ್ಟಲಿಲ್ಲ. ಮೂಗಿನ ಹತ್ತಿರ ಹಿಡಿದಾಗ ಚೂರು ವಾಸನೆ ಬಂದರೂ ಇನ್ನೂ ಎರಡು ದಿನ ಇಟ್ಟುಬಿಡಿ. ಆಮೇಲೆ ರಬ್ಬರಿನ ಮೇಲೆ ಧಾರಾಳವಾಗಿ ಕಪ್ಪು ಹಚ್ಚಿದೆ, ಅಂಚು ದಾಟಿದರೂ ತಲೆ ಕೆಡಿಸಿಕೊಳ್ಳದೆ. ಅರ್ಧ ಗಂಟೆ ಬಿಟ್ಟು, ಬಟ್ಟೆಯನ್ನು ಚಪ್ಪಟೆ ಕಡ್ಡಿಗೆ ಬಿಗಿಯಾಗಿ ಸುತ್ತಿ, ಫ್ಲೂಯಿಡ್ ಮುಟ್ಟಿಸಿ, ಟಿಶ್ಯೂ ಮೇಲೆ ಒತ್ತಿ, ಹೆಚ್ಚುಕಮ್ಮಿ ಒಣಗಿದ ಹಾಗಿರುವಾಗ ಒರೆಸಿದೆ. ಬಾಡಿಯಿಂದ ರಬ್ಬರಿನ ಕಡೆಗೆ ಒರೆಸಿದರೆ ಕಪ್ಪು ಅಂಚಿನಲ್ಲೇ ಗುಡ್ಡೆಯಾಗಿ ನಿಲ್ಲುತ್ತದೆ. ಅಂಚಿನ ಗುಂಟವೇ ಎಳೆಯಬೇಕು, ಒಂದು ಎಳೆತಕ್ಕೆ ಬಟ್ಟೆಯ ಒಂದು ಹೊಸ ಜಾಗ. ಇಯರ್‌ಬಡ್ ಬೇಡ, ನೂಲು ಬಿಡುತ್ತದೆ. ಯಾವ ಬಟ್ಟೆ ಅಂತ ಕೇಳಬೇಡಿ. ಅದಕ್ಕೇ ನನಗೆ ಎರಡು ತಿಂಗಳು ಹಿಡಿಯಿತು, ಸುಮ್ನೆ ಬಿಟ್ಟುಕೊಡಲ್ಲ.

ಬ್ರಷ್ ಬಗ್ಗೆ ಒಂದು ಮಾತು. ತುಂಬಾ ಸಣ್ಣ 5/0 ಬ್ರಷ್‌ಗಳನ್ನು ನಾನು ಪೆಟ್ಟಿಗೆಗೆ ಹಾಕಿಬಿಟ್ಟೆ. ಅದರ ತುದಿಯಲ್ಲಿ ಬಣ್ಣ ನಿಲ್ಲೋದೇ ಇಲ್ಲ, ಕಾರಿನ ಹತ್ತಿರ ಹೋಗುವಷ್ಟರಲ್ಲಿ ಒಣಗಿರುತ್ತದೆ. ಒಳ್ಳೆ ಮೊನೆಯಿರುವ 1ನೇ ನಂಬರ್ ಸಾಕು. ಸಾವಿರದ ಹತ್ತಿರ ಕೊಟ್ಟು ತಂದಿದ್ದು, ಎರಡು ವರ್ಷದಿಂದ ಅದೇ ನಡೀತಿದೆ.

ಕ್ರೋಮ್ ಪಟ್ಟಿಗೆ ಲಿಕ್ವಿಡ್ ಕ್ರೋಮ್ ಪೆನ್. ತುದಿಯಿಂದ ಗೀಚಬೇಡಿ, ಮಗ್ಗುಲು ತಾಗಿಸಿ ಎಳೆಯಿರಿ. ಉಬ್ಬಿದ ಗೆರೆಗೆ ಮಾತ್ರ ಇಂಕ್ ಹಿಡಿಯುತ್ತದೆ. ನಾಲ್ಕೈದು ದಿನ ಬೆರಳು ತಾಕಿಸಬಾರದು. ಮೇಲೆ ಕ್ಲಿಯರ್ ಹೊಡೆದರೆ ಬೂದಿ ಬಣ್ಣ ಆಗುತ್ತದೆ. ಅದನ್ನೂ ಮಾಡಿ ನೋಡಿದ್ದೇನೆ.

ನಡುವೆ ದೀಪಗಳ ಹುಚ್ಚು ಹಿಡಿಯಿತು. ಮಿನಿ ಮಾಡುವವನು ದೀಪ ತಪ್ಪು ಮಾಡಬಾರದು. 1966ರ ಮಾಂಟೆ ಕಾರ್ಲೊದಲ್ಲಿ ಮೊದಲ ಮೂರು ಸ್ಥಾನ ಮಿನಿಗಳದೇ, ಆದರೆ ಹೆಡ್‌ಲ್ಯಾಂಪ್ ಬಲ್ಬ್ ನಿಯಮಕ್ಕೆ ಸರಿಯಿಲ್ಲ ಅಂತ ಮೂರನ್ನೂ ಅನರ್ಹ ಮಾಡಿದ್ದರು! ಕಿಟ್ಟಿನ ದೀಪಗಳ ಕ್ರೋಮ್ ನನಗೆ ಆಟಿಕೆಯಂತೆ ಕಂಡಿತು. ಟಾಯ್ಲೆಟ್ ಕ್ಲೀನರ್‌ನಲ್ಲಿ ಮುಳುಗಿಸಿ ಕ್ರೋಮ್ ತೆಗೆದೆ, ಬೇಗನೇ ಹೋಯಿತು. ಹೊಳಪಿನ ಕಪ್ಪು ಹೊಡೆದು ಮೇಲೆ ಪೆನ್. ಬಣ್ಣ ಹೊಡೆಯುವಾಗ ದೀಪ ಹಿಡಿಯೋಕೆ, ಹಿಡಿಕೆಗೆ ತೆಂಗಿನ ಪೊರಕೆ ಕಡ್ಡಿ, ಅದರ ತುದಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಡಜನ್ ಲೆಕ್ಕದಲ್ಲಿ ತಂದ ಕ್ರಾಕೊಡೈಲ್ ಕ್ಲಿಪ್. ದೀಪದ ಗಾಜಿಗೆ ಹೆಂಡತಿಯ ನೇಲ್ ಜೆಲ್ ಒಂದು ಹನಿ ಬಿಟ್ಟು ಯುವಿ ದೀಪದಡಿ ಇಟ್ಟೆ. ಎರಡರಲ್ಲಿ ಗುಳ್ಳೆ ಬಂತು. ಮಿಕ್ಕವು, ನಾನೇ ಹೇಳಬಾರದು, ಕಿಟ್ಟಿನ ಗಾಜಿಗಿಂತ ಚೆನ್ನಾಗಿವೆ. ಬಾನೆಟ್ಟಿನ ಚರ್ಮದ ಪಟ್ಟಿ ಬರೀ ಮಾಸ್ಕಿಂಗ್ ಟೇಪ್. 0.8 ಮಿಲಿಮೀಟರ್ ಅಗಲಕ್ಕೆ ಕತ್ತರಿಸಿ ಕಂದು ಬಳಿದಿದ್ದು. ಟೇಪ್ ಬೇಡ ಅಂದವನು ಕೊನೆಗೆ ಬಳಸಿದ್ದು ಅಷ್ಟೇ.

ಇನ್ನು ಆ ಮೂಲೆ. ಹಿಂದಿನ ಗಾಜಿನ ಎಡಗಡೆ ಮೇಲಿನದು. ರಾತ್ರಿ ಹನ್ನೊಂದಾಗಿತ್ತು, ಕೊನೆಯ ಕಿಟಕಿ, ಬಟ್ಟೆಯನ್ನು ಟಿಶ್ಯೂ ಮೇಲೆ ಒತ್ತದೆ ಹಾಗೇ ತಾಗಿಸಿಬಿಟ್ಟೆ. ಫ್ಲೂಯಿಡ್ ಅಂಚು ದಾಟಿ ಒಳಗಡೆ ಇಳಿಯಿತು. ಒಳಗೆ ಪ್ರೈಮರ್ ಹೊಡೆದಿರಲಿಲ್ಲ. ಬರೀ ಪ್ಲಾಸ್ಟಿಕ್ಕಿಗೆ ಅದು ಇಳಿದರೆ ಪ್ಲಾಸ್ಟಿಕ್ ಪೆಡಸಾಗಿ ಸುಲಭವಾಗಿ ಬಿರಿಯುತ್ತದೆ. ಬೆಳಿಗ್ಗೆ ಗಾಜು ಕೂರಿಸೋಕೆ ಚೂರು ಒತ್ತಿದೆ, ಟಿಕ್ ಅಂತು. ಕಂಬದ ಉದ್ದಕ್ಕೂ ಬಿರುಕು. ಸೂಪರ್ ಗ್ಲೂ ತುಂಬಿ, ಉಜ್ಜಿ, ಕೆಂಪು ಮುಟ್ಟಿಸಿದ್ದೇನೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಾಣಲ್ಲ. ಬಿಸಿಲಿಗೆ ಹಿಡಿದರೆ ಕಾಣುತ್ತದೆ. ಕಪಾಟಿನಲ್ಲಿ ಆ ಮಗ್ಗುಲು ಗೋಡೆ ಕಡೆಗಿದೆ.