ಕಪಾಟಿನಲ್ಲಿ ಮಲಗಿದ್ದ ಒಪ್ಪಂದ

ವಿದೇಶಿ ವಿಶ್ವವಿದ್ಯಾಲಯದ ಜೊತೆಗಿನ ವಿದ್ಯಾರ್ಥಿ ವಿನಿಮಯ ಒಪ್ಪಂದಕ್ಕೆ ಸಹಿ ಬಿದ್ದು ಎರಡು ವರ್ಷವಾಗಿತ್ತು. ಫೋಟೊ ಬಿಟ್ಟರೆ ಬೇರೇನೂ ಆಗಿರಲಿಲ್ಲ. ಕಡತ ನನ್ನ ಮೇಜಿಗೆ ಬಂದಾಗ ಗೊತ್ತಾಯಿತು, ತೊಡಕಿದ್ದದ್ದು ಕ್ರೆಡಿಟ್, ಅಂದರೆ ಓದಿನ ಹೊರೆಯನ್ನು ಅಳೆಯುವ ಅಂಕದ, ಲೆಕ್ಕದಲ್ಲಿ. ಅವರದು ಇಸಿಟಿಎಸ್, ಅಂದರೆ ಯುರೋಪಿನ ಕ್ರೆಡಿಟ್ ವರ್ಗಾವಣೆ ಪದ್ಧತಿ: ವರ್ಷಕ್ಕೆ 60 ಕ್ರೆಡಿಟ್, ಒಂದೊಂದಕ್ಕೆ ಸ್ವಂತ ಓದೂ ಸೇರಿ 25ರಿಂದ 30 ಗಂಟೆ. ನಾವು ಎಣಿಸುತ್ತಿದ್ದದ್ದು ತರಗತಿಯ ಗಂಟೆ ಮಾತ್ರ. ಹಾಗಾಗಿ ಅಲ್ಲಿ ಓದಿದ್ದು ಇಲ್ಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹೋಗಿಬಂದರೆ ಒಂದು ಸೆಮಿಸ್ಟರ್ ನಷ್ಟ ಅಂದಮೇಲೆ ಯಾವ ವಿದ್ಯಾರ್ಥಿ ಹೊರಡುತ್ತಾನೆ?

ಮೇಲ್ಮಟ್ಟದ ಸಭೆಗಳನ್ನು ಕೈಬಿಟ್ಟೆ. ಎರಡೂ ಕಡೆಯ ಒಬ್ಬೊಬ್ಬ ಅಧ್ಯಾಪಕರು ಕೂತು, ಒಂದೇ ವಿಭಾಗದ ಆರು ವಿಷಯಗಳನ್ನು ಹೊಂದಿಸಿದರು. ನೋಡಿದ್ದು ಗಂಟೆಯನ್ನಲ್ಲ, ವಿದ್ಯಾರ್ಥಿ ಕಲಿಯುವುದೇನು ಎಂಬುದನ್ನು. ಹೊರಡುವ ಮೊದಲೇ ವಿದ್ಯಾರ್ಥಿ ಮತ್ತು ಎರಡೂ ಸಂಸ್ಥೆಗಳು, ಅಲ್ಲಿ ಓದುವ ಯಾವ ವಿಷಯ ಇಲ್ಲಿ ಯಾವುದಕ್ಕೆ ಸಮ ಎಂದು ಬರೆದ ಕಲಿಕಾ ಒಪ್ಪಂದಕ್ಕೆ ಸಹಿ ಹಾಕುವಂತಾಯಿತು. ಶುಲ್ಕವನ್ನು ಅವರವರ ಸಂಸ್ಥೆಯಲ್ಲೇ ಕಟ್ಟುವುದು.

ಮರುವರ್ಷ ನಮ್ಮಿಂದ ನಾಲ್ವರು ಹೋದರು, ಅವರಿಂದ ಮೂವರು ಬಂದರು. ನಾವು ಅವರಿಗೆ ಕೊಡಬೇಕಾದ ಒಂದು ಸೀಟು ಬಾಕಿ ಇದೆ.